ಹಂದಿ ಬೇಟೆಗೆ ಹೊರಟ ಬಿಲ್ಲುಗಾರ ಗೆಳೆಯರಿಗೆ

ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರ, ಯಶವಂತಪುರದ ಬಿಲ್ಲುಗಾರ ಗೆಳೆಯರೆ,



ನೀವು ಕೇಳಿದ್ದು ಇಷ್ಟು. ತೀರ್ಥಹಳ್ಳಿ ಕಡೆ ನಮ್ಮ ಮನೆತನದ ಗದ್ದೆ ಇದೆ, ಗದ್ದೆಯ ಕೆಳಗೆ ಹಡ್ಲು, ಅಂದರೆ ಬೀಳು ಬಿಟ್ಟ ಜೌಗು ಗದ್ದೆ, ಇದೆ, ಅಲ್ಲಿಗೆ ರಾತ್ರಿ ಹೊತ್ತು ಹಂದಿ ಹಿಂಡು ಬೀಳುತ್ತದೆ ಎಂದು ಯಾರಿಂದಲೋ ಕೇಳಿದ್ದೀರಿ. ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯ ದಾಟಿದರೆ ಬೆಳಗಿನ ಜಾವಕ್ಕೆ ಊರು, ಭಾನುವಾರ ರಾತ್ರಿ ಊಟದ ಹೊತ್ತಿಗೆ ವಾಪಸ್ ಬೆಂಗಳೂರು. ಕೋವಿ ಇಲ್ಲ, ಈಡಿನ ಸದ್ದಿಲ್ಲ, ಬರೀ ಬಿಲ್ಲು ಬಾಣ. ಮಲಗಲು ಒಂದು ಜಗಲಿ, ಹಂದಿಯ ಜಾಡು ತೋರಿಸಲು ಊರಿನ ಒಬ್ಬ ಹುಡುಗ, ಇಷ್ಟಿದ್ದರೆ ಸಾಕು ಎಂದಿರಿ. ಕೇಳಿದ್ದರಲ್ಲಿ ಕಪಟವೇನೂ ಇರಲಿಲ್ಲ. ಫೋನಿನಲ್ಲೇ ಇಲ್ಲ ಅಂದುಬಿಡಬಹುದಿತ್ತು. ಆದರೆ ಇದೇ ಮಾತನ್ನು ಬೆಂಗಳೂರಿನ ಬೇರೆ ಬೇರೆ ಗೆಳೆಯರ ಗುಂಪುಗಳು ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ನಮ್ಮಂಥವರನ್ನು ಕೇಳುತ್ತಲೇ ಇರುತ್ತವೆ. ಹಾಗಾಗಿ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಉತ್ತರ: ಬಿಲ್ಲು ಹಿಡಿದು ಬರಬೇಡಿ. ಹಂದಿ ಪಾಪದ ಪ್ರಾಣಿ ಎಂಬ ಮರುಕದಿಂದ ಹೇಳುತ್ತಿಲ್ಲ. ಹಂದಿಯಿಂದ ಬೆಳೆ ಕಳೆದುಕೊಂಡ ಮನೆಯವನು ನಾನು, ಆ ಮರುಕ ನನಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಮಾಂಸದ ಊಟದ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರಿರುವುದು ನಿಮ್ಮ ಕ್ಯಾಲೆಂಡರಿನ ಬಗ್ಗೆ. ನಿಮ್ಮ ಬೇಟೆ ಶನಿವಾರ, ಭಾನುವಾರದ್ದು. ಅದರ ಲೆಕ್ಕ ತೀರಿಸುವ ಕೆಲಸ ಶುರುವಾಗುವುದು ಸೋಮವಾರದಿಂದ, ಮತ್ತು ಸೋಮವಾರ ಅಲ್ಲಿ ಇರುವವರು ನೀವಲ್ಲ.

ಬೇಟೆಯ ಆಸೆ ನಿಮಗೆ ಯಾಕೆ ಹುಟ್ಟಿತು ಎಂಬುದು ನನಗೆ ಅರ್ಥವಾಗದ ವಿಷಯವಲ್ಲ. ಬಿಲ್ಲು ಮತ್ತು ಹಂದಿ ನಮ್ಮ ಕತೆಗಳಲ್ಲಿ ಹಳೆಯ ಜೋಡಿ. ಯಕ್ಷಗಾನ ನೋಡಿ ಬೆಳೆದವರಿಗೆ ಕಿರಾತಾರ್ಜುನ ಪ್ರಸಂಗ ಬಿಡಿಸಿ ಹೇಳಬೇಕಿಲ್ಲ. ಇಂದ್ರಕೀಲದಲ್ಲಿ ತಪಸ್ಸಿಗೆ ಕೂತ ಅರ್ಜುನನ ಮೇಲೆ ಮೂಕಾಸುರ ಹಂದಿಯಾಗಿ ನುಗ್ಗುತ್ತಾನೆ. ಒಂದು ಕಡೆಯಿಂದ ಅರ್ಜುನನ ಬಾಣ, ಇನ್ನೊಂದು ಕಡೆಯಿಂದ ಬೇಡನ ವೇಷದ ಶಿವನ ಬಾಣ. ಹಂದಿ ಸತ್ತಿತು, ಜಗಳ ಹುಟ್ಟಿತು. ಹೊಡೆದವನು ನಾನು ತಾನು ಎಂದು ದೇವರೇ ಕೈಕೈ ಮಿಲಾಯಿಸಿದ ಮೇಲೆ, ಕಾರಿನ ಡಿಕ್ಕಿ ಮುಂದೆ ನಿಂತು ನೀವು ವಾದಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ನೀವಿರುವ ದಿಕ್ಕಿಗೂ ಬೇಟೆಯ ನೆನಪು ಅಂಟಿಕೊಂಡಿದೆ. ಬೆಂಗಳೂರಿನಲ್ಲೇ ಬದುಕಿ 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ ಅವರ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಾಗ ಒಂದು ಸಂಪುಟಕ್ಕೆ ಇಟ್ಟ ಹೆಸರು 'ಜಾಲಹಳ್ಳಿಯ ಕುರ್ಕ'. ಯಶವಂತಪುರದಿಂದ ಕೂಗಳತೆಯ ಜಾಲಹಳ್ಳಿಯೇ ಅದು. ಕುರುಚಲು ಕಾಡಿನಲ್ಲಿ ಚಿರತೆ ಅಡಗಿದ್ದ ಆ ಜಾಗದಲ್ಲಿ ಈಗ ಮೆಟ್ರೊ ನಿಲ್ಲುತ್ತದೆ. ಆ ಪುಸ್ತಕ ಓದಿ ರೋಮಾಂಚನಗೊಂಡವರಲ್ಲಿ ನಾನೂ ಒಬ್ಬ. ಆದರೆ ಅದರಲ್ಲಿ ಒಂದು ಅಂಶ ಗಮನಿಸಿ. ಊರಿನವರ ಮೇಲೆ ಬಿದ್ದ ಪ್ರಾಣಿಯ ಹಿಂದೆ ಹೋದವನ ಕತೆ ಅದು, ಹೊತ್ತು ಕಳೆಯಲು ಹೋದವನದಲ್ಲ.

ಹಂದಿಬೇಟೆಯ ಬಗ್ಗೆ ಕನ್ನಡನಾಡು ಬರೆದಿಟ್ಟ ದೊಡ್ಡ ದಾಖಲೆ ನೋಡಬೇಕೆಂದರೆ ತೀರ್ಥಹಳ್ಳಿಗೆ ಹೋಗಬೇಕಾದ್ದೂ ಇಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸಾಕು. ಅಲ್ಲಿರುವ ಆತಕೂರು ಶಾಸನ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಗೆದ್ದ ಕಾಲ. ಗಂಗ ಬೂತುಗನ ಕಡೆಯ ಮಣಲೆರ ಎಂಬ ವೀರ ಆ ಕಾಳಗದಲ್ಲಿ ಪರಾಕ್ರಮ ತೋರಿದ. ಮೆಚ್ಚಿದ್ದೇನೆ, ಬೇಕಾದ್ದು ಕೇಳಿಕೊ ಎಂದು ಒಡೆಯ ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೆ ಒಂದು ದಿನ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು.

ಕಲ್ಲಿನ ಮೇಲೆ ಆ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಒಂದಕ್ಕೊಂದು ಎದುರಾಗಿ ಹೆಣೆದುಕೊಂಡಿವೆ, ಹಂದಿ ನಾಯಿಗಿಂತ ದಪ್ಪ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಶಾಸನದ ಕೊನೆಯ ಭಾಗ. ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ ಅವರು. ಊರ ದೇವಸ್ಥಾನದ ಮುಂದೆ ಅದನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ಆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಶಾಪವನ್ನೂ ಬರೆಸಿದರು. ಬೇಟೆಯಾಡಿದವನಿಗೆ ಆ ಊರಿನ ಜೊತೆ ಸಂಬಂಧವಿತ್ತು. ಬೇಟೆಯಲ್ಲಿ ಆದ ನಷ್ಟಕ್ಕೆ ಅವನ ಕಡೆಯಿಂದ ನೆಲ ಹೋಯಿತು, ಹೊಣೆ ಹೊರಲು ಒಬ್ಬ ಮನುಷ್ಯನನ್ನು ನೇಮಿಸಲಾಯಿತು. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುತ್ತಿಲ್ಲ ನಾನು. ಆಗಿನ ಬೇಟೆಗೆ ಮರುದಿನವೂ ಇತ್ತು ಎನ್ನುತ್ತಿದ್ದೇನೆ.

ನಿಮಗೆ ಹುರುಪು ಹತ್ತಿಸಿದ್ದು ಶಾಸನವೂ ಅಲ್ಲ, ಯಕ್ಷಗಾನವೂ ಅಲ್ಲ, ಅಮೆರಿಕದ ವಿಡಿಯೊಗಳು ಎಂದು ನೀವೇ ಹೇಳಿದಿರಿ. ಫ್ಲೋರಿಡಾದ ಜೌಗಿನಲ್ಲಿ ಮಂಡಿಯುದ್ದ ನೀರು, ಕಾಂಪೌಂಡ್ ಬಿಲ್ಲು, ನಾಲ್ಕು ಗೆಳೆಯರು, ಸಂಜೆಗೆ ಬೆಂಕಿಯ ಮೇಲೆ ಮಾಂಸ. ಅಲ್ಲಿ ನೆಲೆಸಿದ ನಮ್ಮವರೂ ಒಬ್ಬಿಬ್ಬರು ಹೋಗಿ ಬಂದು ಫೋಟೊ ಕಳಿಸಿದ್ದಾರೆ. ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ, ಜಮೀನಿನವನು ಒಪ್ಪಿದರೆ ವರ್ಷವಿಡೀ ಆಡಬಹುದು. ಯಾಕೆಂದರೆ ಅಲ್ಲಿನ ಹಂದಿ ಆ ನೆಲದ್ದಲ್ಲ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡೆ ಸೋಟೊ ಫ್ಲೋರಿಡಾದಲ್ಲಿ ದಂಡು ಇಳಿಸಿದಾಗ ಜೊತೆಗೆ ತಂದ ಸಾಕುಹಂದಿಗಳು, ಮುಂದೆ ಬೇಟೆಗೆಂದೇ ತಂದು ಬಿಟ್ಟ ಯುರೋಪಿನ ಕಾಡುಹಂದಿಗಳು, ಇವೆಲ್ಲ ಬೆರೆತು ಬೆಳೆದ ಸಂತಾನ ಅದು. ಈಗ 60 ಲಕ್ಷ ಮೀರಿದೆ ಎಂದು ಅಲ್ಲಿನ ಕೃಷಿ ಇಲಾಖೆಯೇ ಅಂದಾಜು ಮಾಡಿದೆ.

ಆದರೆ ವಿಡಿಯೊಗಳು ಹೇಳದ ಸಂಗತಿಯೂ ಒಂದಿದೆ. ಅದೇ ಅಮೆರಿಕದ ಕ್ಯಾನ್ಸಸ್ ರಾಜ್ಯ ಮೋಜಿನ ಹಂದಿಬೇಟೆಯನ್ನು 2006ರಲ್ಲೇ ನಿಲ್ಲಿಸಿತು. ಟೆನೆಸ್ಸಿ 2011ರಲ್ಲಿ ಅದೇ ಹಾದಿ ಹಿಡಿಯಿತು. ಕಾರಣ ಸರಳ. ಬೇಟೆ ಮಜಾ ಕೊಡುತ್ತದೆ ಎಂದು ಗೊತ್ತಾದ ಕಡೆ ಜನ ಹಂದಿಗಳನ್ನು ಲಾರಿಯಲ್ಲಿ ತಂದು ಹೊಸ ಜಾಗಕ್ಕೆ ಬಿಟ್ಟರು. ಹಿಂಡಿನಲ್ಲಿ ಒಂದನ್ನು ಹೊಡೆದರೆ ಉಳಿದವು ಚದುರಿ ಅಕ್ಕಪಕ್ಕದ ಜಮೀನಿಗೆ ಹಬ್ಬಿದವು, ಹಗಲು ಬಿಟ್ಟು ರಾತ್ರಿ ತಿರುಗುವುದನ್ನು ಕಲಿತವು. ಹಂದಿ ನಿಜಕ್ಕೂ ಕಡಿಮೆಯಾಗಬೇಕಾದರೆ ಇಡೀ ಹಿಂಡನ್ನು ಒಟ್ಟಿಗೇ ದೊಡ್ಡಿಯಲ್ಲಿ ಕೂಡಿ ಹಿಡಿಯಬೇಕು, ವರ್ಷಕ್ಕೆ ಹತ್ತರಲ್ಲಿ ಸುಮಾರು ಏಳನ್ನು ತೆಗೆಯಬೇಕು ಎಂಬುದು ಅಲ್ಲಿನವರ ಲೆಕ್ಕಾಚಾರ. ನಾಲ್ಕು ತಿಂಗಳಿಗೂ ಕಡಿಮೆ ಬಸಿರು, ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ ಅದು. "ರೈತರಿಗೂ ಉಪಕಾರವಾಯಿತಲ್ಲ" ಎಂಬ ನಿಮ್ಮ ಮಾತಿಗೆ ಇದೇ ನನ್ನ ಮೊದಲ ಉತ್ತರ. ವಾರಾಂತ್ಯಕ್ಕೆ ಒಂದು ಹಂದಿ ಹೊಡೆದರೆ ರೈತನಿಗೆ ಸಿಗುವುದು ಚದುರಿದ ಹಿಂಡು.

ನಮ್ಮ ಹಂದಿಯಾದರೋ ಇಲ್ಲಿಯದೇ ಪ್ರಾಣಿ. ಹುಲಿ, ಚಿರತೆ, ಸೀಳುನಾಯಿಗಳ ಅನ್ನ ಅದು. ಹೀಗಾಗಿ ಕಾನೂನೂ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಮೊದಲು ಲೈಸೆನ್ಸ್ ಪಡೆದು ಬೇಟೆಯಾಡುವ ಅವಕಾಶವಿತ್ತು, 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಇರುವುದು ಎರಡನೇ ಅನುಸೂಚಿಯಲ್ಲಿ. ಮೊದಲ ಎರಡು ಅನುಸೂಚಿಗಳ ಪ್ರಾಣಿಗಳನ್ನು ಬೇಟೆಯಾಡುವಂತಿಲ್ಲ ಎನ್ನುತ್ತದೆ 9ನೇ ಕಲಮು.

"ಕೋವಿ ಅಲ್ವಲ್ಲ ಸಾರ್, ಬಿಲ್ಲು" ಅಂದಿರಿ. ಕಾಯ್ದೆಯ ವ್ಯಾಖ್ಯೆಯ ಭಾಗ ತೆಗೆದು ಓದಿ. ಆಯುಧಗಳ ಪಟ್ಟಿಯಲ್ಲಿ ಬಂದೂಕು, ಸ್ಫೋಟಕ, ಬಲೆ, ವಿಷ, ಉರುಳುಗಳ ಸಾಲಿನಲ್ಲೇ ಬಿಲ್ಲು ಬಾಣವನ್ನು ಹೆಸರು ಹಿಡಿದು ಬರೆದಿದ್ದಾರೆ. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದು, ಸೋವಿ ಅಟ್ಟುವುದು, ಆಮಿಷ ಇಡುವುದು ಎಲ್ಲವೂ ಅದರೊಳಗೆ ಬರುತ್ತದೆ. ಕೊಲ್ಲಲು, ಹಿಡಿಯಲು ಯತ್ನಿಸಿದರೂ ಬೇಟೆಯೇ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಭಯಾರಣ್ಯದೊಳಗೆ ನಡೆದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳರವರೆಗೂ ಹೋಗಬಹುದು. ಶೆಟ್ಟಿಹಳ್ಳಿ ಅಭಯಾರಣ್ಯ ತೀರ್ಥಹಳ್ಳಿ ತಾಲ್ಲೂಕಿಗೂ ಚಾಚಿಕೊಂಡಿದೆ. ಬಾಣ ತಿಂದ ಹಂದಿ ಗಡಿಕಲ್ಲು ನೋಡಿ ಓಡುವುದಿಲ್ಲ, ಅದರ ಹಿಂದೆ ಓಡುವ ನಿಮಗೂ ಆ ಕತ್ತಲಲ್ಲಿ ಗಡಿಕಲ್ಲು ಕಾಣುವುದಿಲ್ಲ. ಸತ್ತ ಹಂದಿ ಸರ್ಕಾರದ ಸ್ವತ್ತು. ಬೇಟೆಗೆ ಬಳಸಿದ ಬಿಲ್ಲು, ಕಾರು ಎಲ್ಲವೂ ಜಪ್ತಿಯಾಗುತ್ತವೆ. ಇಎಂಐ ಇನ್ನೂ ಮುಗಿಯದ ಕಾರು.

ಅಷ್ಟು ದೂರ ಯಾಕೆ, ಹತ್ತಿರದಲ್ಲೇ ನೋಡೋಣ ಎಂದು ನಿಮ್ಮಲ್ಲೊಬ್ಬರು ಹೆಸರಘಟ್ಟದ ಮಾತೆತ್ತಿದರಂತೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ ಬೆಂಗಳೂರಿಗೆ ಕೊಳವೆ ನೀರು ಕೊಟ್ಟ ಕೆರೆ ಅದು. ಪಕ್ಕದ ಐದು ಸಾವಿರ ಎಕರೆಗೂ ಮಿಕ್ಕ ಹುಲ್ಲುಗಾವಲನ್ನು ಮೀಸಲು ಪ್ರದೇಶ ಮಾಡಲು ವರ್ಷಗಟ್ಟಲೆ ಹೋರಾಟ ನಡೆದು, 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಹಕ್ಕಿ ನೋಡುವವರು, ಕುರಿ ಕಾಯುವವರು, ಬೆಳಗಿನ ವಾಕಿಂಗ್‌ನವರು ಓಡಾಡುವ ಆ ಜೊಂಡಿನ ಮರೆಗೆ ಬಾಣ ಬಿಡುವ ಯೋಚನೆಯೇ ಬೇಡ. ಇನ್ನು ಹೆಬ್ಬಾಳದ ರಾಜಕಾಲುವೆ, ಖಾಲಿ ಸೈಟುಗಳಲ್ಲಿ ಮೇಯುವ ಹಂದಿಗಳು ಕಾಡಿನವಲ್ಲ, ಅಂಥವಕ್ಕೆ ಬಹುಪಾಲು ವಾರಸುದಾರರಿರುತ್ತಾರೆ. ಇನ್ನೊಬ್ಬರ ಪ್ರಾಣಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೂ ಮೊದಲು ವಾರಸುದಾರ ಬರುತ್ತಾನೆ, ಅವನ ಜೊತೆ ಇಡೀ ಕೇರಿ ಬರುತ್ತದೆ.

ಕಾನೂನು ಬದಿಗಿಟ್ಟು ಬೇಟೆಯನ್ನಷ್ಟೇ ನೋಡೋಣ. ನೀವು ಕೇಳಿದ ಹಡ್ಲು ಹೇಗಿದೆ ಹೇಳುತ್ತೇನೆ. ಒಂದು ಕಾಲಕ್ಕೆ ಅದು ಗದ್ದೆಯೇ. ಆಳು ಸಿಗದೆ, ಸಿಕ್ಕರೂ ಗಿಟ್ಟದೆ, ಬೆಳೆದದ್ದೂ ಹಂದಿ ಪಾಲಾಗಿ ಬೀಳು ಬಿಟ್ಟ ಮೇಲೆ ನೀರು ನಿಂತು ಜೊಂಡು ಎದ್ದಿತು, ಅಂಚಿಗೆ ಮುಂಡಿಗೆ ಮೆಳೆ ಹಬ್ಬಿತು. ಮೇಲೆ ಹಸಿರು ಹಾಸು, ಕಾಲಿಟ್ಟರೆ ತೊಡೆಯವರೆಗೆ ಹುದುಲು. ಮಳೆಗಾಲದಲ್ಲಿ ಇಂಬಳ. ಹಂದಿ ಹೊರಳುವ ಹೊಂಡದ ಪಕ್ಕದ ಮರ ನೋಡಿದರೆ ಬುಡದಿಂದ ಮೊಣಕಾಲೆತ್ತರದವರೆಗೆ ಕೆಸರು ಬಳಿದು ಒಣಗಿರುತ್ತದೆ, ಅದರಲ್ಲಿ ಒಂದೆರಡು ಬಿರುಗೂದಲು ಸಿಕ್ಕಿಕೊಂಡಿರುತ್ತವೆ. ಮೈಯ ಉಣ್ಣಿ ಕಳೆದುಕೊಳ್ಳಲು ಉಜ್ಜಿದ ಗುರುತು. ಆ ಕೆಸರಿನ ಎತ್ತರ ನೋಡಿಯೇ ಬಂದದ್ದು ಮರಿ ಹಿಂಡೋ ಒಂಟಿ ಹಂದಿಯೋ ಎಂದು ನನ್ನ ಚಿಕ್ಕಪ್ಪನ ಮಗ ಹೇಳುತ್ತಾನೆ. ಅವನು ಅಲ್ಲೇ ಇರುವವನು.

ಅಲ್ಲಿ ನಿಂತು ಬಾಣ ಬಿಡುವುದೆಂದರೆ ಏನು? ಗುಂಡು ಪೆಟ್ಟಿನ ರಭಸದಿಂದ ಕೆಡವುತ್ತದೆ. ಬಾಣ ಹಾಗಲ್ಲ, ಅದರ ಅಲಗು ಕೊಯ್ದ ಗಾಯದಿಂದ ರಕ್ತ ಬಸಿದು ಪ್ರಾಣಿ ಬೀಳಬೇಕು. ಶ್ವಾಸಕೋಶ, ಹೃದಯದ ಜಾಗಕ್ಕೆ ತಾಗಿದರೂ ಒಂದಷ್ಟು ದೂರ ಓಡುತ್ತದೆ. ಬಲಿತ ಗಂಡು ಹಂದಿಯ ಹೆಗಲ ಮೇಲೆ ದಪ್ಪನೆಯ ಗಟ್ಟಿ ಪದರವೊಂದಿದೆ. ಗಂಡುಗಳು ಕೋರೆಯಿಂದ ಇರಿದಾಡುವಾಗ ತಡೆಯಲಿಕ್ಕೆಂದು ಬೆಳೆದದ್ದು. ಹೃದಯ ಇರುವುದು ಜಿಂಕೆಗಿಂತ ಕೆಳಗೆ ಮತ್ತು ಮುಂದೆ, ಮುಂಗಾಲಿನ ಸಂದಿಯಲ್ಲಿ. ನಿಮ್ಮ ಬಿಲ್ಲಿನ ಎಳೆತ ಅರುವತ್ತು ಎಪ್ಪತ್ತು ಪೌಂಡು ಇರಬಹುದು. ಆದರೆ ರೇಂಜಿನಲ್ಲಿ ನೀವು ಹೊಡೆದ ಗುರಿ ಹಲಗೆ ಅಲುಗಾಡುವುದಿಲ್ಲ, ಮೂಸುವುದಿಲ್ಲ, ಹೆದೆಯ ಸದ್ದಿಗೆ ಬೆಚ್ಚಿ ಮೈ ತಿರುಗಿಸುವುದಿಲ್ಲ. ಹಂದಿಯ ಕಣ್ಣು ಮಂದ, ಮೂಗು ಕಿವಿ ಅಸಾಧ್ಯ ಚುರುಕು. ಅಂಗೈಯಗಲದ ಜಾಗ ನಾಲ್ಕು ಬೆರಳು ತಪ್ಪಿತೋ, ಬಾಣ ಕರುಳಿಗೆ. ಕರುಳಿಗೆ ಬಿದ್ದ ಹಂದಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ನೀರು ನಿಂತ ಜೊಂಡಿನಲ್ಲಿ ರಕ್ತದ ಜಾಡು ಹಿಡಿಯುವುದು ಹಗಲಲ್ಲೇ ಕಷ್ಟ.

ಆ ಹಂದಿ ಎಲ್ಲಿ ಹೋಗುತ್ತದೆ? ಮೆಳೆ ಹೊಕ್ಕು ಮಲಗುತ್ತದೆ. ಭಾನುವಾರ ಸಂಜೆ ನೀವು ಕೆಸರಿನ ಬೂಟು ತೊಳೆದು ಕಾರು ಹತ್ತುತ್ತೀರಿ. ಸೋಮವಾರ ಬೆಳಿಗ್ಗೆ ಅದೇ ಮೆಳೆಯ ಪಕ್ಕ ಹುಲ್ಲು ಕೊಯ್ಯಲು ಹೆಂಗಸರು ಬರುತ್ತಾರೆ, ಶಾಲೆ ಮಕ್ಕಳು ಅಡ್ಡದಾರಿ ಹಿಡಿಯುತ್ತಾರೆ. ಗಾಯಗೊಂಡ ಹಂದಿ ಎದುರಾದವರ ತೊಡೆ ಮಟ್ಟಕ್ಕೆ ನುಗ್ಗಿ ಕೋರೆಯನ್ನು ಮೇಲಕ್ಕೆ ಸೀಳುತ್ತದೆ. ತೊಡೆಯ ರಕ್ತನಾಳ ಹರಿದವರನ್ನು ತಾಲ್ಲೂಕು ಆಸ್ಪತ್ರೆ ಮುಟ್ಟಿಸುವಷ್ಟು ಹೊತ್ತೂ ಇರುವುದಿಲ್ಲ. ಬಾಣ ಬಿಟ್ಟವರು ಯಾರು ಎಂದು ಆ ಹಂದಿ ಕೇಳುವುದಿಲ್ಲ.

ದಾರಿ ತೋರಿಸಲು ಒಬ್ಬ ಹುಡುಗ ಸಾಕು ಅಂದಿರಲ್ಲ, ಅವನ ಮಾತು. ಹಳ್ಳಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅದರಲ್ಲೂ ಮಾಂಸದ ಪಾಲು ಹಂಚಿದ ಗುಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹೋದ ಗುಟ್ಟು. ಅರಣ್ಯ ಇಲಾಖೆಯವರು ಬಂದಾಗ ಕೈಗೆ ಸಿಗುವವನು ಆ ಹುಡುಗ. ಮಹಜರಿಗೆ ಅವನ ಮನೆಯ ಅಡುಗೆಪಾತ್ರೆ, ಆರೋಪಪಟ್ಟಿಯಲ್ಲಿ ಅವನ ಹೆಸರು. ವನ್ಯಪ್ರಾಣಿಯ ಮಾಂಸ ಕೈಯಲ್ಲಿ ಸಿಕ್ಕಿದರೆ ಅದು ಅಕ್ರಮವಲ್ಲ ಎಂದು ಸಾಬೀತು ಮಾಡುವ ಹೊರೆ ಸಿಕ್ಕಿಬಿದ್ದವನದೇ. ನಿಮಗೆ ಬೆಂಗಳೂರಿನಲ್ಲಿ ವಕೀಲರು ಸಿಗುತ್ತಾರೆ, ಅವನು ವಾಯಿದೆಗೆ ವಾಯಿದೆ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುತ್ತಾನೆ. ನೀವು ಕೊಡಬಹುದಾದ ಎರಡು ಸಾವಿರ ರೂಪಾಯಿ ಮೊದಲ ಜಾಮೀನಿನ ಓಡಾಟಕ್ಕೂ ಸಾಲುವುದಿಲ್ಲ. ಹಂದಿ ಎಂದುಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ಮಲೆನಾಡು, ಕೊಡಗಿನಿಂದ ಬರುತ್ತಲೇ ಇರುತ್ತದೆ. ಅಂಥ ಕಡೆ ಮೊದಲು ಹಳುವಿಗೆ ಇಳಿದು ಸೋವುವವನೂ ಊರಿನ ಹುಡುಗನೇ.

ರೈತರ ಸಂಕಟ ನಾನು ಮುಚ್ಚಿಡುವವನಲ್ಲ. ಹೊಡೆ ಬಂದ ಭತ್ತಕ್ಕೆ ಒಂದು ರಾತ್ರಿ ಹಿಂಡು ಬಿದ್ದರೆ ಬೆಳಿಗ್ಗೆ ಕಾಣುವುದು ಮಲಗಿದ ಪೈರು, ಹಾಲು ತುಂಬಿದ ತೆನೆ ಜಗಿದು ಉಗಿದ ಸಿಪ್ಪೆಯ ಉಂಡೆಗಳು. ಅದಕ್ಕಿಂತ ಕೆಟ್ಟದ್ದು ಬದು. ಎರೆಹುಳುವಿಗಾಗಿ ಬದುವನ್ನು ಮೂತಿಯಿಂದ ಕಿತ್ತು ಹಾಕುತ್ತದೆ, ಕಟ್ಟಿದ ನೀರೆಲ್ಲ ಕೆಳಗದ್ದೆಗೆ ಹರಿದು ಹೋಗುತ್ತದೆ. ದೊಡ್ಡಬಳ್ಳಾಪುರದ ಕಡೆ ಮುಸುಕಿನ ಜೋಳ ಬೆಳೆದವರನ್ನು ಕೇಳಿದರೆ ಅವರದ್ದೂ ಇದೇ ಕತೆ. ಹಳೆ ಸೀರೆಗಳ ಬೇಲಿ ಕಟ್ಟುತ್ತಾರೆ, ಕ್ಷೌರದಂಗಡಿಯ ಕೂದಲು ತಂದು ಬದುವಿನುದ್ದಕ್ಕೂ ಚೆಲ್ಲುತ್ತಾರೆ, ಪಟಾಕಿ ಹೊಡೆಯುತ್ತಾರೆ, ದುಡ್ಡಿದ್ದವರು ಸೋಲಾರ್ ತಂತಿ ಎಳೆಸುತ್ತಾರೆ. ಕೆಲವು ದಿನ ನಡೆಯುತ್ತದೆ, ಆಮೇಲೆ ಹಂದಿಗೆ ಅಭ್ಯಾಸವಾಗುತ್ತದೆ.

ಆ ಹತಾಶೆಯಲ್ಲೇ ಉರುಳು ಹಾಕುವವರೂ ಇದ್ದಾರೆ, ಸಿಡಿಮದ್ದು ಇಡುವವರೂ ಇದ್ದಾರೆ. ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಸಿಕ್ಕಿ ಸಾಯುತ್ತದೆ. ಹಂದಿ ತಿನ್ನುವ ಚಿರತೆ ಹೋದ ಮೇಲೆ ಲಾಭ ಯಾರಿಗೆಂದು ಹೇಳಬೇಕಿಲ್ಲ. ಸಿಡಿಮದ್ದು ಕಚ್ಚಿದ ದನಗಳು ದವಡೆ ಚೂರಾಗಿ, ಮೇಯಲಾರದೆ ಸಾಯುತ್ತವೆ. 2020ರ ಮೇ ಕೊನೆಯಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಬಾಯಿ ಸಿಡಿದು ನದಿಯಲ್ಲಿ ನಿಂತೇ ಸತ್ತದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಅದೂ ಹಂದಿಗೆಂದು ಇಟ್ಟ ಮದ್ದೇ. ಯಾರಿಗೋ ಒಡ್ಡಿದ್ದು ಇನ್ಯಾರಿಗೋ ತಗಲುವ ಕಾಡಂಚಿನ ಈ ವಹಿವಾಟಿಗೆ ಬೆಂಗಳೂರಿನಿಂದ ಹೊಸ ಆಯುಧ ಬಂದು ಸೇರುವುದು ಬೇಕಿಲ್ಲ.

ರೈತನಿಗೆ ಕಾನೂನಿನಲ್ಲಿ ಬಾಗಿಲೇ ಇಲ್ಲವೆಂದಲ್ಲ. ಎರಡನೇ ಅನುಸೂಚಿಯ ಪ್ರಾಣಿ ಜನರಿಗೆ ಅಥವಾ ಫಸಲಿಗೆ ಅಪಾಯ ತಂದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಅದನ್ನು ಕೊಲ್ಲಲು ಅನುಮತಿ ಕೊಡಬಹುದು. ಅದು 11ನೇ ಕಲಮು. ಕೇರಳ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. 62ನೇ ಕಲಮಿನಡಿ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಹಂದಿಯನ್ನು ಪೀಡಕ ಎಂದು ಸಾರಬಹುದು, 2016ರಲ್ಲಿ ಉತ್ತರಾಖಂಡದಲ್ಲಿ ಹಾಗೆ ಸಾರಿತ್ತು. ನಮ್ಮಲ್ಲಿ ಬೆಳೆ ನಷ್ಟಕ್ಕೆ ಇ-ಪರಿಹಾರದಲ್ಲಿ ಅರ್ಜಿ ಹಾಕುವ ವ್ಯವಸ್ಥೆ ಇದೆ. ಇವೆಲ್ಲ ಸಾಲದು, ನಿಧಾನ ಎಂಬ ದೂರು ನನ್ನದೂ ಹೌದು. ಆದರೆ ಈ ಬಾಗಿಲುಗಳೆಲ್ಲ ತೆರೆಯುವುದು ಪಹಣಿಯಲ್ಲಿ ಹೆಸರಿರುವವನಿಗೆ, ನಷ್ಟ ತಿಂದವನಿಗೆ. ಅವನ ಸಂಕಟವನ್ನು ನಿಮ್ಮ ವಾರಾಂತ್ಯದ ಪಾಸ್ ಮಾಡಿಕೊಳ್ಳಬೇಡಿ.

ಹಾಗಾದರೆ ಕೊಂಡ ಬಿಲ್ಲು ಏನು ಮಾಡುವುದು? ಆಡಿ. ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡದ ಸ್ಪರ್ಧೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದೆ. ಬಯಲು, ಕೆಸರು, ಮರಗಳ ಮರೆ ಇಲ್ಲದೆ ಮಜಾ ಇಲ್ಲ ಎನ್ನುವವರಿಗೆ ತ್ರೀಡಿ ಬಿಲ್ಲುಗಾರಿಕೆ ಇದೆ. ಫೋಮಿನಲ್ಲಿ ಮಾಡಿದ ಹಂದಿ, ಕರಡಿ, ಜಿಂಕೆಗಳನ್ನು ಕಾಡಿನ ದಾರಿಯುದ್ದಕ್ಕೂ ನಿಲ್ಲಿಸಿರುತ್ತಾರೆ, ದೂರ ಎಷ್ಟೆಂದು ಹೇಳುವುದಿಲ್ಲ. ಇಳಿಜಾರು, ನೆರಳು, ಗಾಳಿ ಎಲ್ಲ ಕಣ್ಣಂದಾಜಿನಲ್ಲೇ ಅಳೆದು ಬಿಡಬೇಕು. ವಿಶ್ವ ಚಾಂಪಿಯನ್‌ಷಿಪ್ ನಡೆಯುವಷ್ಟು ಬೆಳೆದ ಆಟ. ದೊಡ್ಡಬಳ್ಳಾಪುರ ರಸ್ತೆಯ ಯಾವುದಾದರೂ ತೋಟದ ಮಾಲೀಕರನ್ನು ಒಪ್ಪಿಸಿ, ಹಿಂದೆ ಎತ್ತರದ ಮಣ್ಣಿನ ಒಡ್ಡು ಹಾಕಿಸಿ, ಆಚೆ ಯಾರೂ ಓಡಾಡದಂತೆ ನೋಡಿಕೊಂಡರೆ ಅಂಥದ್ದೊಂದು ದಾರಿ ನೀವೇ ಕಟ್ಟಬಹುದು. ನಾಲ್ಕು ಬೆರಳು ತಪ್ಪಿದ್ದು ಎಷ್ಟು ಸಲ ಎಂದು ಅಲ್ಲಿ ನಿಮಗೇ ಲೆಕ್ಕ ಸಿಗುತ್ತದೆ.

ಹಂದಿಯನ್ನೇ ನೋಡಬೇಕು, ರಾತ್ರಿ ಹಡ್ಲಿನ ಅಂಚಿನಲ್ಲಿ ಕೂರಲೇಬೇಕು ಎನ್ನುವವರಿಗೆ ನಮ್ಮ ಜಗಲಿ ತೆರೆದಿದೆ. ಭತ್ತ ಹೊಡೆ ಬಿಡುವ ಹೊತ್ತಿಗೆ ಬನ್ನಿ. ನನ್ನ ತಮ್ಮ ಗದ್ದೆ ಮಾಳದಲ್ಲಿ ಒಬ್ಬನೇ ಕೂರುತ್ತಾನೆ. ಅವನಿಗೆ ಬೇಕಾದ್ದು ಸರದಿಗೆ ಜನ. ಡಬ್ಬ ಬಡಿಯಲು, ಟಾರ್ಚು ಬಿಡಲು, ಕೂಗು ಹಾಕಲು, ನಿದ್ದೆ ತಡೆಯಲು. ಹಗಲು ಹೊತ್ತು ಹಂದಿ ಕಿತ್ತ ಬದು ಕಟ್ಟುವ ಕೆಲಸವಿದೆ, ತಂತಿಗೆ ತಗಲುವ ಹುಲ್ಲು ಸವರುವ ಕೆಲಸವಿದೆ. ನಿಮ್ಮಲ್ಲಿ ಇಬ್ಬರು ಎಲೆಕ್ಟ್ರಾನಿಕ್ಸ್ ಓದಿದವರು, ಸೋಲಾರ್ ಬೇಲಿಯ ಕರೆಂಟು ಮಳೆಗೆ ಯಾಕೆ ಸೋರುತ್ತದೆ ಎಂದು ನೋಡಿಕೊಡಿ. ಬೆಳೆ ನಷ್ಟದ ಅರ್ಜಿಗೆ ಫೋಟೊ, ಪಹಣಿ ಸೇರಿಸುವುದು ನಿಮಗೆ ಹತ್ತು ನಿಮಿಷದ ಕೆಲಸ, ಊರಿನ ವಯಸ್ಸಾದವರಿಗೆ ಇಡೀ ದಿನದ ಓಡಾಟ.

ನಡುರಾತ್ರಿ ಜೊಂಡು ಸರಸರ ಎಂದಾಗ, ಮರಿಗಳನ್ನು ನಡುವೆ ಹಾಕಿಕೊಂಡು ಹಿಂಡು ಬದುವಿಗೆ ಬಂದು ಗಾಳಿ ಮೂಸುವುದನ್ನು ಟಾರ್ಚಿನ ಬೆಳಕಿನಲ್ಲಿ ನೀವು ನೋಡುತ್ತೀರಿ. ಎದೆ ಡವಡವ ಅನ್ನುತ್ತದೆ. ವಿಡಿಯೊದಲ್ಲಿ ಸಿಗದ್ದು ಅದು, ಅದಕ್ಕೆ ಬಾಣ ಬೇಕಿಲ್ಲ. ಡಬ್ಬ ಬಡಿದು ಓಡಿಸಿದ ಮೇಲೆ, ಇನ್ನೊಂದು ಮೂಲೆಯಿಂದ ಅದೇ ಹಿಂಡು ಮತ್ತೆ ಇಳಿದಾಗ ಬರುವ ಸಿಟ್ಟೂ ನಿಮ್ಮದಾಗುತ್ತದೆ. ರೈತರ ಪರವಾಗಿ ಮಾತಾಡುವ ಹಕ್ಕು ಒಂದಿಷ್ಟಾದರೂ ಬರುವುದು ಆ ಸಿಟ್ಟು ಅನುಭವಿಸಿದ ಮೇಲೆ.

ಷರತ್ತು ಎರಡೇ. ಬಿಲ್ಲು ಯಲಹಂಕದಲ್ಲೇ ಇರಲಿ. ಮತ್ತು ಸೋಮವಾರಕ್ಕೆ ರಜೆ ಬರೆದಿಟ್ಟು ಬನ್ನಿ. ಭಾನುವಾರ ರಾತ್ರಿಯ ಕಾವಲಿಗೇ ಯಾವಾಗಲೂ ಜನ ಕಡಿಮೆ.

ಇಂತಿ,
ನಿಮ್ಮ ಯಲಹಂಕದ ಗೆಳೆಯ